ಪ್ರೊಫೆಸರ್ ಹಾಕುವ ಪಾಡ್‌ಕಾಸ್ಟ್ ಬಗ್ಗೆ ಕೇಳಿದ ಬದಿಯಡ್ಕದ ತಂಗಿಗೆ

ಪಬ್ಲಿಕ್ ಹೆಲ್ತ್ ಓದ್ಲಿಕ್ಕೆ ಇಂಗ್ಲೆಂಡಿನ ಲೆಸ್ಟರಿಗೆ ಬಂದು ಮೂರು ವಾರ ಆಯ್ತು, ಹತ್ತನೇವರೆಗೆ ಕನ್ನಡ ಮೀಡಿಯಂ, ಇಲ್ಲಿಯವರ ಇಂಗ್ಲಿಷು ಅರ್ಧ ತಲೆಗೆ ಹೋಗುದಿಲ್ಲ, ಪ್ರೊಫೆಸರ್ ವಾರವಾರ ಹಾಕುವ ಹತ್ತು ನಿಮಿಷದ ಪಾಡ್‌ಕಾಸ್ಟಿಂದ ಎಂತಾದ್ರೂ ಪ್ರಯೋಜನ ಉಂಟಾ ಅಂತ ಕೇಳಿದ್ದಿ. ಉಂಟು ತಂಗಿ, ತುಂಬಾ ಉಂಟು. ನಾನು ಕುಂಬಳೆಯವ, ಇಲ್ಲಿ ಬಂದು ಹದಿನಾಲ್ಕು ವರ್ಷ ಆಯ್ತು, ನನ್ನದೂ ಇದೇ ಕೋರ್ಸು ಇದೇ ಕಷ್ಟ.

ಆದ್ರೆ ಅದನ್ನು ಪದ್ಯ ಕೇಳಿದ ಹಾಗೆ ಕೇಳ್ಬೇಡ. ನಾನು ಮೊದಲ ಎರಡು ತಿಂಗಳು ಬಸ್ಸಲ್ಲಿ ಇಯರ್‌ಫೋನ್ ಹಾಕಿ ಕೇಳಿದ್ದೇ ಕೇಳಿದ್ದು, ಇಳಿಯುವಾಗ ಒಂದು ಮಾತೂ ನೆನಪಿರ್ಲಿಲ್ಲ. ಮತ್ತೆ ರೂಮಲ್ಲಿ ಪೆನ್ನು ಹಿಡಿದು ಕೂತು ಸ್ಪೀಡು ಸ್ವಲ್ಪ ಕಡಿಮೆ ಮಾಡಿ, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳ್ಲಿಕ್ಕೆ ಶುರು ಮಾಡಿದೆ. ರೋಗದ ಲೆಕ್ಕದಲ್ಲಿ ಬರುವ ಇನ್ಸಿಡೆನ್ಸ್, ಪ್ರಿವೆಲೆನ್ಸ್ ಎರಡೂ ನನಗೆ ಕಲಸಿ ಹೋಗ್ತಿತ್ತು. ಒಂದು ರಾತ್ರಿ ನಿಲ್ಲಿಸಿ ಹೇಳಿಕೊಂಡೆ, ನಮ್ಮ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ ಅಂತ ಇಟ್ಟುಕೋ, ಈ ವರ್ಷ ಹೊಸದಾಗಿ ಹಿಡಿದ ಮರಗಳ ಲೆಕ್ಕ ಇನ್ಸಿಡೆನ್ಸ್, ಹಳತೂ ಹೊಸತೂ ಸೇರಿ ಇವತ್ತು ರೋಗ ಇರುವ ಅಷ್ಟೂ ಮರಗಳ ಲೆಕ್ಕ ಪ್ರಿವೆಲೆನ್ಸ್. ಅವತ್ತಿಂದ ಅದು ಮರೆತೇ ಇಲ್ಲ. ಬರೆದ ಸ್ಕ್ರಿಪ್ಟ್ ಕೊಟ್ಟಿದ್ರೆ ಮೊದಲು ಓದ್ಬೇಡ, ಒಮ್ಮೆ ಕೇಳಿದ ಮೇಲೆ ಓದು, ಇಲ್ಲದಿದ್ರೆ ಕಣ್ಣೇ ಎಲ್ಲ ಕೆಲಸ ಮಾಡಿ ಕಿವಿ ಹಾಗೇ ಉಳೀತದೆ.

ಪಾಠಕ್ಕೆ ಪಾಡ್‌ಕಾಸ್ಟ್ ಹಾಕುವ ಈ ಕೆಲಸದಲ್ಲಿ ನೀನಿರುವ ಊರಿಗೇ ಒಂದು ಹೆಸರುಂಟು ಗೊತ್ತಾ, 2006ರಲ್ಲಿ ಲೆಸ್ಟರ್ ಯೂನಿವರ್ಸಿಟಿಯ ಪ್ರೊಫೆಸರ್ ಗಿಲ್ಲಿ ಸಾಮನ್ ಅವರ ತಂಡ ಇಂಪಾಲಾ ಅಂತ ಪ್ರಾಜೆಕ್ಟ್ ಶುರು ಮಾಡಿ ಪಾಠಕ್ಕೆ ಪಾಡ್‌ಕಾಸ್ಟ್ ಹೇಗೆ ಬಳಸ್ಬಹುದು ಅಂತ ನೋಡಿದ್ರು. ಇಡೀ ಲೆಕ್ಚರ್ ರೆಕಾರ್ಡ್ ಮಾಡಿ ಹಾಕುದಲ್ಲ, ವಾರದ ಪಾಠಕ್ಕೆ ಜೊತೆಯಾಗಿ ಚಿಕ್ಕದಾಗಿ ಮಾತಾಡಿ ಹಾಕುದು, ಅದಕ್ಕೆ ಪ್ರೊಫ್‌ಕಾಸ್ಟ್ ಅಂತ ಹೆಸರೂ ಇಟ್ಟಿದ್ರು. ನಿನ್ನ ಪ್ರೊಫೆಸರ್ ಮಾಡುದೂ ಅದನ್ನೇ.

ಕಿವಿ ಪಳಗ್ಲಿಕ್ಕೆ ಬಿಬಿಸಿ ರೇಡಿಯೋ 4ರ ಇನ್ ಅವರ್ ಟೈಮ್ ಅನ್ನುವ ಕಾರ್ಯಕ್ರಮ ಕೇಳು, 1998ರಿಂದ ಬರ್ತಾ ಉಂಟು, ಸಾಮಾನ್ಯವಾಗಿ ಮೂರು ಜನ ವಿದ್ವಾಂಸರು ಕೂತು ಒಂದೇ ವಿಷಯ ಮಾತಾಡ್ತಾರೆ. ಆಕಾಶವಾಣಿ ಮಂಗಳೂರು ಕೇಳಿ ಬೆಳೆದ ಕಿವಿ ನಮ್ಮದು, ಬೇಗ ಹೊಂದಿಕೊಳ್ತದೆ.

ಕ್ಲಾಸು ಮಾತ್ರ ತಪ್ಪಿಸ್ಬೇಡ, ರೆಕಾರ್ಡಿಂಗಿನ ಹತ್ರ ಪ್ರಶ್ನೆ ಕೇಳ್ಲಿಕ್ಕೆ ಆಗುದಿಲ್ಲ. ಅರ್ಥ ಆಗದ ಜಾಗ ಎಷ್ಟನೇ ನಿಮಿಷ ಅಂತ ಬರೆದಿಟ್ಟುಕೊಂಡು ಹೋಗು, "ನಾಲ್ಕನೇ ನಿಮಿಷದಲ್ಲಿ ನೀವು ಹೇಳಿದ್ದು" ಅಂತ ಶುರು ಮಾಡು, ನನ್ನ ಪ್ರೊಫೆಸರ್ ಅಷ್ಟು ಕೇಳಿದ್ದೇ ಕುರ್ಚಿ ಎಳೆದು ಕೂರಿಸಿ ಅರ್ಧ ಗಂಟೆ ಹೇಳಿಕೊಟ್ಟಿದ್ರು.