ಮೇಲ್ಮಣ್ಣು ಎಲ್ಲಿ ಹಾಕಿದಿರಿ?

ಕಾಸರಗೋಡು ಸುತ್ತಿ ಹೋದ ಮೇಲೆ ನೀವು ಕೇಳಿದಿರಿ, ನಿಮ್ಮೂರ ಗುಡ್ಡಗಳ ನೆತ್ತಿಯಲ್ಲಿ ಚೌಕ ಚೌಕ ಹೊಂಡ ಯಾಕೆ, ಯಾರೂ ಮುಚ್ಚುವುದಿಲ್ವಾ ಅಂತ. ಅವು ಪಣೆಗಳು. ಮುರಕಲ್ಲು, ಅಂದರೆ ಕೆಂಪು ಕಲ್ಲು ಕಡಿದು ತೆಗೆದ ಜಾಗ.

ನೀವು ಫೋಟೊ ತೆಗೆದ ಬೇಕಲ ಕೋಟೆಯೂ ಇದೇ ಕಲ್ಲಿನದ್ದು. ನೆಲದೊಳಗೆ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದರೆ ಗಟ್ಟಿಯಾಗುತ್ತದೆ. ಹಿಂದೆ ಕೈಯಲ್ಲೇ ಕಡಿಯುತ್ತಿದ್ದರು, ಹಾಗಾಗಿ ಒಂದು ಪಣೆ ಮುಗಿಯಲು ವರ್ಷಗಟ್ಟಲೆ ಬೇಕಿತ್ತು. ಈಗ ಮೆಷಿನು ಬಂದಿದೆ. ಕಲ್ಲೇ ಬೇಡ ಎನ್ನಲು ನನಗೆ ಬಾಯಿಲ್ಲ ಬಿಡಿ. ಈಗ ಒರಗಿ ಕೂತಿರುವ ಗೋಡೆಯೂ ಅದೇ.

ತೊಂದರೆ ಇರುವುದು ನೀರಿನಲ್ಲಿ. ನಮ್ಮ ಕಡೆ ಬಾವಿಗಿಂತ ಸುರಂಗ ಜಾಸ್ತಿ ನಂಬಿಕೆಯದ್ದು. ಗುಡ್ಡದ ಪಕ್ಕೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆಯುತ್ತಾರೆ. ಒಳಗೆ ಒಸರಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಕರೆಂಟೂ ಬೇಡ, ಪಂಪೂ ಬೇಡ. ಮಳೆಗಾಲದಲ್ಲಿ ಮುರಕಲ್ಲು ಸ್ಪಂಜಿನ ಹಾಗೆ ನೀರು ಹೀರಿಕೊಂಡು ಬೇಸಿಗೆಯಲ್ಲಿ ಹನಿ ಹನಿ ಬಿಡುತ್ತದೆ. ನಮ್ಮ ದೊಡ್ಡಪ್ಪನ ಸುರಂಗದ ನೀರು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಮೇಲೆ ಪಣೆ ಶುರುವಾದ ಎರಡನೇ ಮಳೆಗೆ ಆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೂರನೇ ಬೇಸಿಗೆಯಲ್ಲಿ ಕೊಡ ತುಂಬಲು ದೊಡ್ಡಮ್ಮ ಪಾತ್ರೆ ತೊಳೆದು ಮುಗಿಸುವಷ್ಟು ಹೊತ್ತು ಕಾಯಬೇಕಾಯಿತು. ಪಣೆಯೇ ಕಾರಣ ಎಂದು ಕಾಗದದಲ್ಲಿ ಸಾಬೀತು ಮಾಡಲು ನಮ್ಮಿಂದ ಆಗಲಿಲ್ಲ. ಮೊದಲು ಎಷ್ಟು ನೀರು ಬರುತ್ತಿತ್ತು ಎಂದು ಯಾರೂ ಅಳೆದಿರಲಿಲ್ಲ. ಪಣೆ ಶುರುವಾಗುವ ಮುಂಚೆಯೇ ಸುತ್ತಲಿನ ಬಾವಿ, ಸುರಂಗದ ನೀರು ಅಳೆದಿಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಕಾನೂನು ಇಲ್ಲ ಅಂತಲ್ಲ. 5 ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಎಂದು 2012ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೆಲಸ ಮುಗಿದ ಗಣಿಯಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವ ಹಾಗೆ ಮಾಡಬೇಕು ಎಂದು 2020ರಲ್ಲಿ ಹೇಳಿತು. ಗಡಿಯ ಸುತ್ತ 7.5 ಮೀಟರ್ ಬಿಟ್ಟು ಮರ ನೆಡುವ ಮಾತು ಗಣಿ ಯೋಜನೆಗಳಲ್ಲಿ ಮಾಮೂಲು. ಕಪ್ಪು ಕಲ್ಲಿನ ಕೋರೆಯದ್ದು ಬೇರೆ ತಲೆನೋವು. ಅಲ್ಲಿ ಮದ್ದು ಇಟ್ಟು ಒಡೆಯುತ್ತಾರೆ, ಹಾಗಾಗಿ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸದಿದ್ದರೆ ಕುಸಿಯುತ್ತದೆ. ಮನೆಯಿಂದ 100 ಮೀಟರ್ ದೂರ ಇರಬೇಕು ಎಂದಿದ್ದ ನಿಯಮವನ್ನು ಕೇರಳ 2017ರಲ್ಲಿ 50ಕ್ಕೆ ಇಳಿಸಿತು. 2020ರಲ್ಲಿ ಹಸಿರು ನ್ಯಾಯಮಂಡಳಿ 200 ಎಂದಿತು. ಆಮೇಲೆ ಆ ಜಗಳ ದೊಡ್ಡ ಕೋರ್ಟುಗಳ ಮೆಟ್ಟಿಲು ಹತ್ತಿತು.

ಗಡಿಯವರಿಗೆ ಇನ್ನೊಂದು ಗಮ್ಮತ್ತು ಉಂಟು. ಗುಡ್ಡ ಒಂದೇ, ಆಚೆ ಬದಿಗೆ ಕರ್ನಾಟಕದ 1994ರ ಗಣಿ ನಿಯಮ, ಈಚೆ ಬದಿಗೆ ಕೇರಳದ 2015ರ ಗಣಿ ನಿಯಮ. ಗುಡ್ಡದಿಂದ ಇಳಿಯುವ ತೋಡಿಗೆ ಎರಡೂ ಗೊತ್ತಿಲ್ಲ. ಒಮ್ಮೆ ನಮ್ಮ ಪಕ್ಕದ ಪಣೆಯ ಯೋಜನೆ ಕೇಳಿ ಅರ್ಜಿ ಹಾಕಿದೆವು. ಸಿಕ್ಕಿದ ಯೋಜನೆ ಇಂಗ್ಲಿಷಿನಲ್ಲಿ, ಜೊತೆಗಿದ್ದ ಪತ್ರ ಮಲಯಾಳದಲ್ಲಿ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಮತ್ತೆ ಕೇಳಿದೆವು, ಇನ್ನೂ ಬಂದಿಲ್ಲ. ನೆರೆಮನೆಯ ಕಾಲೇಜು ಹುಡುಗಿ ಓದಿ ಹೇಳಿದಳು: ಕೊನೆಗೆ ಹೊಂಡವನ್ನು ಮಳೆನೀರಿನ ಕೆರೆ ಮಾಡುತ್ತಾರಂತೆ.

ಕೇಳಲು ಚೆಂದ, ಅಲ್ವಾ? ಆದರೆ ತಳದಲ್ಲಿ ಜೇಡಿ ಸಿಕ್ಕರೆ ಮಾತ್ರ ಅಂಥ ಹೊಂಡದಲ್ಲಿ ನೀರು ನಿಲ್ಲುತ್ತದೆ. ತಳದಲ್ಲೂ ತೂತು ತೂತು ಮುರಕಲ್ಲೇ ಇದ್ದರೆ ಮಳೆ ಬಿಟ್ಟ ಕೆಲವೇ ವಾರದಲ್ಲಿ ಖಾಲಿ. ನೀರು ನಿಂತ ಕಡೆ ಬೇಲಿ ಇಲ್ಲದಿದ್ದರೆ ದನವೂ ಬೀಳುತ್ತದೆ, ಈಜಲು ಹೋದ ಮಕ್ಕಳೂ ಬೀಳುತ್ತಾರೆ.

ಹಾಗಾಗಿ ಪಣೆಯವರನ್ನು ನಾನು ಮೊದಲು ಕೇಳುವುದು ಒಂದೇ, ಮೇಲ್ಮಣ್ಣು ಎಲ್ಲಿ ಹಾಕಿದಿರಿ? ನಮ್ಮ ಗುಡ್ಡದಲ್ಲಿ ಅದು ಇರುವುದೇ ಗೇಣುದ್ದ, ಕೆಲವು ಕಡೆ ಬರೀ ಬೆರಳುದ್ದ. ಮುಳಿಹುಲ್ಲಿನ ಬೀಜ, ಬೇರು ಎಲ್ಲ ಅದರಲ್ಲೇ. ಮೊದಲ ದಿನ ಜೆಸಿಬಿ ಅದನ್ನು ಇಳಿಜಾರಿಗೆ ತಳ್ಳಿದರೆ ಮೊದಲ ಮಳೆಗೇ ತೋಡಿನ ಪಾಲು, ಕೆಳಗಿನ ತೋಟಕ್ಕೆ ಕೆಸರು. ಆಮೇಲೆ ಯಾವ ಯೋಜನೆಯಿದ್ದರೂ ಗಿಡ ನೆಡುವುದು ಕಲ್ಲಿನ ಮೇಲೆ.

ನಮ್ಮಿಂದ ಎರಡು ಗುಡ್ಡ ಆಚೆ ಒಬ್ಬರು ಸರಿಯಾಗಿ ಮಾಡಿದರು. ಮಣ್ಣನ್ನು ಎತ್ತರದ ಬದಿಯಲ್ಲಿ ರಾಶಿ ಹಾಕಿ, ಸುತ್ತ ಒಡೆದ ಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಹುಲ್ಲು ಹಬ್ಬಲು ಬಿಟ್ಟರು. ಒಂದು ಮೂಲೆ ಕಡಿದು ಮುಗಿದ ಹಾಗೆ ಅಲ್ಲಿಗೆ ಕಲ್ಲಿನ ಪುಡಿ, ಅದರ ಮೇಲೆ ಈ ಮಣ್ಣು. ಇನ್ನೊಂದು ಮೂಲೆಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಇಲ್ಲಿ ಗೇರು ಗಿಡ ಎದೆಮಟ್ಟ ಬಂದಿತ್ತು. ಪರಿಸರದ ಭಕ್ತಿಯೇನಲ್ಲ, ಜಾಗ ಅವರದ್ದೇ, ಗೇರುಬೀಜವೂ ಅವರಿಗೇ.

ಮುಂದಿನ ಸಲ ಮಳೆ ಹಿಡಿದ ಮೇಲೆ ಬನ್ನಿ, ಎರಡೂ ಪಣೆ ತೋರಿಸುತ್ತೇನೆ. ದೊಡ್ಡಪ್ಪನ ಮನೆ ಮೇಲಿನದ್ದಕ್ಕೆ ಹೋಗುವಾಗ ನನ್ನ ಹಿಂದೆಯೇ ನಡೆಯಿರಿ. ಅಂಚು ಎಲ್ಲಿದೆ ಎಂದು ಹುಲ್ಲಿನಲ್ಲಿ ಕಾಣುವುದಿಲ್ಲ.