ಕ್ಲಬ್ ಫೀಸ್ ಕಟ್ಟಿ, ದಂಡವಾಗಲ್ಲ

ಅಮೆರಿಕದಲ್ಲಿ ಎಂಬಿಎ ಸೇರುತ್ತಿದ್ದೇನೆ, ಅಲ್ಲಿನ ವಿದ್ಯಾರ್ಥಿನಿಯರ ಸಂಘವಾದ ವಿಮೆನ್ ಇನ್ ಬಿಸಿನೆಸ್ ಕ್ಲಬ್‌ಗೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ. ಕಟ್ಟಿ. ಪಾರ್ಟಿ, ಫೋಟೋಗಳಿಗೋಸ್ಕರ ಅಲ್ಲ. ಎರಡನೇ ವರ್ಷದ ಹುಡುಗಿಯರು ಈಗಷ್ಟೇ ಇಂಟರ್ನ್‌ಶಿಪ್ ಮುಗಿಸಿ ಬಂದಿರುತ್ತಾರೆ. ಅವರ ಹತ್ತಿರ ರೆಸ್ಯೂಮೆ ತಿದ್ದಿಸಿಕೊಳ್ಳಿ, ಮಾಕ್ ಇಂಟರ್‌ವ್ಯೂ ಮಾಡಿಸಿಕೊಳ್ಳಿ. ಸಂಬಳಕ್ಕೆ ಚೌಕಾಸಿ ಮಾಡುವುದು ಹೇಗೆ ಅಂತಲೂ ಕೇಳಿ. ನಮಗೆ ಮನೆಯಲ್ಲಿ ಕಲಿಸಿರುವುದು ತರಕಾರಿ ಚೌಕಾಸಿ ಮಾತ್ರ, ಅಲ್ವಾ? ಇಂಟರ್ನ್‌ಶಿಪ್ ಹುಡುಕಾಟ ಮೊದಲ ಸೆಮಿಸ್ಟರ್‌ನಲ್ಲೇ ಶುರುವಾಗುತ್ತದೆ, ಸುಮ್ನೆ ಕಾಯಬೇಡಿ.

ಹಾರ್ವರ್ಡ್‌ನ ಎರಡು ವರ್ಷದ ಎಂಬಿಎಗೆ 1963ರಲ್ಲಿ ಮೊದಲ ಸಲ ನೇರವಾಗಿ ಸೇರಿದ ಹೆಂಗಸರು ಬರೀ 8 ಮಂದಿ. ಇಂಥ ಕ್ಲಬ್ ಯಾಕೆ ಬೇಕಾಯಿತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೆಂಗಸರು ಬಿಸಿನೆಸ್‌ನಲ್ಲಿ ಮುಂದೆ ಬರಲಿ ಅಂತ ಕೆಲಸ ಮಾಡುವ ಫೋರ್ಟೆ ಫೌಂಡೇಶನ್ ಅನ್ನುವ ಸಂಸ್ಥೆಗೆ ನಿಮ್ಮ ಕಾಲೇಜು ಸದಸ್ಯನಾ ನೋಡಿ. ಸದಸ್ಯ ಕಾಲೇಜುಗಳು ತಾವು ಆರಿಸಿದ ವಿದ್ಯಾರ್ಥಿಗಳಿಗೆ, ಅಂದರೆ ಫೋರ್ಟೆ ಫೆಲೋಗಳಿಗೆ, ಸ್ಕಾಲರ್‌ಶಿಪ್ ಕೊಡುತ್ತವೆ. ಅಡ್ಮಿಷನ್ ಆಫೀಸಿಗೆ ಇವತ್ತೇ ಒಂದು ಮೇಲ್ ಹಾಕಿ.