ಮನೆಗೆ ಮಾರಿ, ಊರಿಗೆ ಉಪಕಾರಿ?

ಓದುಗರ ಪತ್ರ: 1930ರ ದಶಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಹಿಂದಿನ ಸಂಚಿಕೆಯ ಲೇಖನ ಓದಿದೆ. ಕೆಲಸ ಕಳೆದುಕೊಂಡ ಅಮೆರಿಕನ್ನರು ತಗಡು, ರಟ್ಟು ಹೊದಿಸಿಕೊಂಡು ಬದುಕುತ್ತಿದ್ದ ಗುಡಿಸಲು ಕೇರಿಗಳನ್ನು ಆಗಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಹೆಸರಿನಲ್ಲಿ ‘ಹೂವರ್‌ವಿಲ್’ ಎಂದು ಅಣಕಿಸುತ್ತಿದ್ದರು ಎಂದು ಬರೆದಿದ್ದೀರಿ. ನನ್ನ ಮೊಮ್ಮಗಳು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿಯ ಒಂದು ಚೌಕಕ್ಕೆ ಹೂವರ್ ಹೆಸರಿದೆ, ಯುದ್ಧಕಾಲದಲ್ಲಿ ದೇಶಕ್ಕೆ ಊಟ ಹಾಕಿದವರಂತೆ ಎನ್ನುತ್ತಾಳೆ. ಇಬ್ಬರೂ ಒಬ್ಬರೇನಾ? ಹೌದಾದರೆ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಇವರಿಗೇ ಸರಿ ಅಲ್ವಾ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಇಬ್ಬರೂ ಒಬ್ಬರೇ. ಆದರೆ ಗಾದೆಯನ್ನು ಅವರಿಗೆ ಅಂಟಿಸುವ ಮೊದಲು ಆ ಮನುಷ್ಯ ಬೆಲ್ಜಿಯಂನಲ್ಲಿ ಮಾಡಿದ್ದೇನು, ಹೇಗೆ ಮಾಡಿದರು ಎನ್ನುವುದನ್ನು ನೋಡೋಣ. ಗುಟ್ಟು ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ.

ಹೂವರ್ ಹುಟ್ಟಿದ್ದು 1874ರಲ್ಲಿ, ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್ ಎಂಬ ಸಣ್ಣ ಊರಲ್ಲಿ. ಅಪ್ಪ ಕಮ್ಮಾರ. ಮನೆಯವರು ಕ್ವೇಕರ್ ಪಂಥದವರು. ಈ ಪಂಥದವರಿಗೆ ಯುದ್ಧ ಒಪ್ಪಿಗೆಯಿಲ್ಲ, ಮಾತು ಕಡಿಮೆ, ಆಡಂಬರ ಇಲ್ಲವೇ ಇಲ್ಲ. ಹುಡುಗನಿಗೆ ಆರು ವರ್ಷವಾದಾಗ ಅಪ್ಪ ತೀರಿಕೊಂಡರು, ಒಂಬತ್ತಾದಾಗ ಅಮ್ಮ. ಮೂವರು ಮಕ್ಕಳೂ ಒಂದೊಂದು ನೆಂಟರ ಮನೆ ಸೇರಿದರು. ಹರ್ಬರ್ಟ್ 1885ರಲ್ಲಿ ದೂರದ ಆರೆಗನ್‌ನಲ್ಲಿದ್ದ ಸೋದರಮಾವನ ಮನೆಗೆ ಹೋದ. ಮಾವ ಡಾಕ್ಟರು, ತಮ್ಮ ಮಗನನ್ನು ಕಳೆದುಕೊಂಡಿದ್ದವರು. ಹುಡುಗನಿಗೆ ಊಟ, ಓದು ಎರಡೂ ಸಿಕ್ಕಿತು. ಪ್ರೀತಿ ಎಷ್ಟು ಸಿಕ್ಕಿತೋ, ಕೆಲಸವಂತೂ ಬೇಕಾದಷ್ಟು ಸಿಕ್ಕಿತು. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮಾವನ ಜಮೀನು ಮಾರಾಟದ ಆಫೀಸಿನಲ್ಲಿ ಆಳು ಹುಡುಗ. ಸಂಜೆ ರಾತ್ರಿಶಾಲೆ.

1891ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಒಂದು ಬಿಟ್ಟರೆ ಹುಡುಗನದು ಅಷ್ಟಕ್ಕಷ್ಟೆ. ಹಾಗೂ ಹೀಗೂ ಮೊದಲ ತಂಡದಲ್ಲೇ ಸೀಟು ಸಿಕ್ಕಿತು. ಭೂವಿಜ್ಞಾನ ಓದಿ 1895ರಲ್ಲಿ ಹೊರಬಂದರೆ ಕೆಲಸವೇ ಇಲ್ಲ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯಲ್ಲಿ ಅದಿರಿನ ಗಾಡಿ ತಳ್ಳುವ ಕೂಲಿಯಾಗಿ ಸೇರಿದರು. ಎರಡೇ ವರ್ಷದಲ್ಲಿ ಲಂಡನ್ನಿನ ಬೆವಿಕ್ ಮೊರಿಂಗ್ ಕಂಪನಿ ಅವರನ್ನು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಗಳಿಗೆ ಕಳಿಸಿತು. ಕೋಲಾರದ ಗಣಿ ಕಂಡವರಿಗೆ ಆ ಲೋಕ ಹೊಸದಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು ಅಲ್ಲಿಗೂ ಹೋಗಿದ್ದರು, ನಮ್ಮ ಕೆಜಿಎಫ್‌ಗೂ ಬಂದಿದ್ದರು. ‘ಸನ್ಸ್ ಆಫ್ ಗ್ವಾಲಿಯಾ’ ಗಣಿಯ ಮ್ಯಾನೇಜರ್ ಆದ ಹೂವರ್ ಮೊದಲು ಮಾಡಿದ್ದು ಖರ್ಚು ಕಡಿತ. ಭಾನುವಾರದ ದುಪ್ಪಟ್ಟು ಕೂಲಿ ನಿಲ್ಲಿಸಿದರು. ಕಾರ್ಮಿಕ ಸಂಘಗಳನ್ನು ಬಗ್ಗಿಸಲು ಇಟಲಿಯ ಕೂಲಿಗಳನ್ನು ತಂದರು. ಆಮೇಲೆ ಚೀನಾ. ಅಲ್ಲಿಯ ಕಾಯ್‌ಪಿಂಗ್ ಕಲ್ಲಿದ್ದಲು ಗಣಿ ವಿದೇಶಿ ಕಂಪನಿಯ ಕೈಗೆ ಹೋದ ವ್ಯವಹಾರದಲ್ಲಿ ಅವರ ಪಾತ್ರವೂ ಇತ್ತು. ಅದು ಲಂಡನ್ನಿನ ಕೋರ್ಟು ಹತ್ತಿತು. 1905ರಲ್ಲಿ ತೀರ್ಪು ಬಂದದ್ದು ಗಣಿ ನೋಡಿಕೊಳ್ಳುತ್ತಿದ್ದ ಚೀನೀ ಅಧಿಕಾರಿಯ ಪರವಾಗಿ. 40ನೇ ವಯಸ್ಸಿಗೆ ಹೂವರ್ ಭಾರೀ ಶ್ರೀಮಂತ. ಸಂತ ಅಂತೂ ಅಲ್ಲ.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರು ಲಂಡನ್ನಿನಲ್ಲಿದ್ದರು. ಸಾವಿರಾರು ಅಮೆರಿಕನ್ ಪ್ರವಾಸಿಗಳು ಯುರೋಪಿನಲ್ಲಿ ಸಿಕ್ಕಿಕೊಂಡರು. ಬ್ಯಾಂಕು ಅವರ ಚೆಕ್ಕು ಮುಟ್ಟುತ್ತಿಲ್ಲ, ಹಡಗಿನಲ್ಲಿ ಜಾಗ ಸಿಗುತ್ತಿಲ್ಲ. ಹೂವರ್ ಮತ್ತು ಗೆಳೆಯರು ನಂಬಿಕೆಯ ಮೇಲೆ ಸಾಲ ಕೊಟ್ಟು ಅವರನ್ನು ಊರಿಗೆ ಕಳಿಸಿದರು. ಆ ಸಾಲ ಬಹುಪಾಲು ವಾಪಸ್ ಬಂತು.

ಅಷ್ಟರಲ್ಲಿ ಬೆಲ್ಜಿಯಂ ಜರ್ಮನ್ ಸೈನ್ಯದ ಕೈಗೆ ಹೋಗಿತ್ತು. ಆ ದೇಶ ತಿನ್ನುತ್ತಿದ್ದ ಕಾಳುಕಡಿಯಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಬರಬೇಕು. ಬ್ರಿಟನ್ ಸಮುದ್ರಕ್ಕೆ ದಿಗ್ಬಂಧನ ಹಾಕಿತ್ತು. ದೇಶ ಹಿಡಿದವನೇ ಅನ್ನ ಹಾಕಲಿ ಎಂದಿತು ಬ್ರಿಟನ್. ದಿಗ್ಬಂಧನ ಹಾಕಿದವರು ನೀವು, ನಮ್ಮನ್ನು ಕೇಳಬೇಡಿ ಎಂದಿತು ಜರ್ಮನಿ. ಮಧ್ಯೆ ಸಿಕ್ಕಿಕೊಂಡವರು 70 ಲಕ್ಷಕ್ಕೂ ಹೆಚ್ಚು ಜನ. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅಮೆರಿಕನ್ನರು ನಿಂತರೆ ಎರಡೂ ಕಡೆಯವರು ಒಪ್ಪಬಹುದು ಎಂಬ ಲೆಕ್ಕದಲ್ಲಿ ಅಕ್ಟೋಬರ್‌ನಲ್ಲಿ ಬೆಲ್ಜಿಯಂ ಪರಿಹಾರ ಆಯೋಗ ಹುಟ್ಟಿತು. ಅಧ್ಯಕ್ಷ ಹೂವರ್, ಸಂಬಳವಿಲ್ಲ. ಬ್ರಸೆಲ್ಸ್‌ನಲ್ಲಿ ಅವರ ಜೊತೆ ಕೆಲಸ ಮಾಡಬೇಕಾಗಿದ್ದ ಬ್ಯಾಂಕರ್ ಎಮಿಲ್ ಫ್ರಾಂಕಿ ಯಾರು ಗೊತ್ತೇ? ಚೀನಾದ ಅದೇ ಗಣಿ ವ್ಯವಹಾರದಲ್ಲಿ ಹೂವರ್ ಜೊತೆ ಜಗಳ ಆಡಿದ್ದವರು! ಹಳೆಯ ಜಗಳ ಇಬ್ಬರೂ ಮರೆತರೋ ಇಲ್ಲವೋ, ಕೆಲಸ ಮಾತ್ರ ನಿಲ್ಲಲಿಲ್ಲ.

ಆಯೋಗಕ್ಕೆ ಅದರದೇ ಬಾವುಟ, ಅದರದೇ ಹಡಗುಗಳು. ಗೋಧಿ ರಾಟರ್‌ಡ್ಯಾಮ್ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಕಾಲುವೆ ದೋಣಿಗಳಲ್ಲಿ ಬೆಲ್ಜಿಯಂ ಒಳಗೆ. ಜರ್ಮನ್ನರು ಅದನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು, ಆ ಮಾತು ನಡೆಯುತ್ತಿದೆಯೇ ಎಂದು ಅಮೆರಿಕನ್ ಹುಡುಗರು ಊರೂರು ಸುತ್ತಿ ನೋಡಬೇಕು. ಇವರಲ್ಲಿ ಹಲವರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು. ಬೇಕರಿಯವರಿಗೆ ಲೆಕ್ಕ ಹಾಕಿದಷ್ಟೇ ಹಿಟ್ಟು, ಮೋಸ ಮಾಡಿದರೆ ಹಿಟ್ಟು ಬಂದ್. ಕೈಯಲ್ಲಿ ಕಾಸಿದ್ದವರು ದುಡ್ಡು ಕೊಟ್ಟೇ ರೊಟ್ಟಿ ಕೊಳ್ಳಬೇಕು. ಅದರಲ್ಲಿ ಉಳಿದ ಲಾಭ ಇಲ್ಲದವರ ಊಟಕ್ಕೆ ಹೋಗುತ್ತಿತ್ತು. ಮಕ್ಕಳಿಗೆ ಮಧ್ಯಾಹ್ನದ ಊಟ ಬೇರೆ, ನಮ್ಮ ಶಾಲೆಗಳ ಬಿಸಿಯೂಟದ ಹಾಗೆ. ಖಾಲಿ ಹಿಟ್ಟಿನ ಚೀಲಕ್ಕೂ ಲೆಕ್ಕ ಇಡುತ್ತಿದ್ದರು, ಆ ಹತ್ತಿಬಟ್ಟೆ ಸಿಡಿಮದ್ದಿಗೆ ಹೋದೀತು ಎಂಬ ಭಯಕ್ಕೆ. ಬೆಲ್ಜಿಯಂನ ಹೆಣ್ಣುಮಕ್ಕಳು ಆ ಚೀಲಗಳ ಮೇಲೆ ಕಸೂತಿ ಹಾಕಿ ಅಮೆರಿಕಕ್ಕೆ ಕಳಿಸಿದರು. ಅವು ಈಗಲೂ ಮ್ಯೂಸಿಯಂಗಳಲ್ಲಿವೆ.

1915ರಲ್ಲಿ ಉತ್ತರ ಫ್ರಾನ್ಸ್‌ನ ಜನರೂ ಸೇರಿಕೊಂಡರು. ಒಟ್ಟು ಸುಮಾರು 90 ಲಕ್ಷ ಹೊಟ್ಟೆ. 1919ರವರೆಗೆ ಸಾಗಿಸಿದ ಆಹಾರ 50 ಲಕ್ಷ ಟನ್ನಿಗೂ ಜಾಸ್ತಿ. ಬ್ರಿಟನ್ನಿನ ಸೇನಾ ಮಂತ್ರಿ ಕಿಚನರ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ, ಪರೋಕ್ಷವಾಗಿ ಶತ್ರುವಿಗೇ ಅನ್ನ ಹಾಕಿದಂತೆ ಎಂಬ ವಾದ. ಹೂವರ್ ಉತ್ತರ ಸಮುದ್ರ ದಾಟಿ ದಾಟಿ ಒಮ್ಮೆ ಬರ್ಲಿನ್ನಿನವರನ್ನು, ಒಮ್ಮೆ ಲಂಡನ್ನಿನವರನ್ನು ಒಪ್ಪಿಸಿದರು. 1917ರಲ್ಲಿ ಅಮೆರಿಕವೇ ಯುದ್ಧಕ್ಕೆ ಇಳಿದಾಗ ಒಳಗಿನ ಉಸ್ತುವಾರಿ ಸ್ಪೇನ್ ಮತ್ತು ಹಾಲೆಂಡಿನವರಿಗೆ ಹೋಯಿತು, ಹಡಗು ನಿಲ್ಲಲಿಲ್ಲ.

ಈಗ ನಿಮ್ಮ ಗಾದೆಗೆ ಬರೋಣ. ಆಯೋಗದ ಕೆಲಸಕ್ಕೆ ಖರ್ಚಾದದ್ದು ಸುಮಾರು 90 ಕೋಟಿ ಡಾಲರ್. ಇದರಲ್ಲಿ ಜನ ಕೊಟ್ಟ ದಾನ ಐದು ಕೋಟಿಯ ಆಸುಪಾಸು. ಮಿಕ್ಕದ್ದರಲ್ಲಿ ದೊಡ್ಡ ಪಾಲು ಬ್ರಿಟನ್, ಫ್ರಾನ್ಸ್, ಆಮೇಲೆ ಅಮೆರಿಕ ಸರ್ಕಾರಗಳ ಹಣ. ಆದರೆ ಹೂವರ್ ಕಣ್ಣಿಗೆ ಬಿದ್ದದ್ದು ಊರೂರಿನ ಸಮಿತಿಗಳು, ಸಂಬಳವಿಲ್ಲದೆ ದುಡಿದ ಸಾವಿರಾರು ಜನ. ಅವರಿಂದಲೇ ಎಲ್ಲ ನಡೆಯಿತು ಎಂದು ನಂಬಿಬಿಟ್ಟರು. 1929ರಲ್ಲಿ ಅಧ್ಯಕ್ಷರಾದ ಮೇಲೂ ಅದೇ ನಂಬಿಕೆ. 1930ರ ಬರದಲ್ಲಿ ರೈತರ ಬೀಜಕ್ಕೆ, ದನಗಳ ಮೇವಿಗೆ ಸರ್ಕಾರಿ ಸಾಲ ಆಗಬಹುದು, ಮನುಷ್ಯರ ಊಟವನ್ನು ರೆಡ್ ಕ್ರಾಸ್ ನೋಡಿಕೊಳ್ಳಲಿ ಎಂದರು. ಕೇಳಿದವರಿಗೆ ಹೇಗನ್ನಿಸಿರಬೇಡ!

ಇನ್ನೊಂದು ವ್ಯತ್ಯಾಸವೂ ಇದೆ. ಬೆಲ್ಜಿಯಂನಲ್ಲಿ ಕಾಳೇ ಇರಲಿಲ್ಲ, ತಂದು ಹಾಕಬೇಕಿತ್ತು. ಗಣಿ ಎಂಜಿನಿಯರಿಗೆ ಅದು ಗೊತ್ತಿರುವ ಕೆಲಸ. ಅಮೆರಿಕದಲ್ಲಿ ಗೋಧಿ ಕೊಳ್ಳುವವರಿಲ್ಲದೆ ಬಿದ್ದಿತ್ತು, ಜನರ ಜೇಬಿನಲ್ಲಿ ಕಾಸಿರಲಿಲ್ಲ. ಇಲ್ಲಿ ಸಾಗಿಸಬೇಕಾಗಿದ್ದದ್ದು ದುಡ್ಡು. ಅದಕ್ಕೆ ಅವರ ಕೈ ಬರಲಿಲ್ಲ. ಜೊತೆಗೆ ಸಂಕೋಚದ ಸ್ವಭಾವ, ಭಾಷಣ ನೀರಸ. ಒಳಗೆ ಮರುಕ ಇದ್ದರೂ ರೇಡಿಯೋ ಕೇಳಿದವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. 1932ರ ಜುಲೈನಲ್ಲಿ ರಾಜ್ಯಗಳಿಗೆ ಪರಿಹಾರಕ್ಕೆಂದು 30 ಕೋಟಿ ಡಾಲರ್ ಸಾಲ ಕೊಡುವ ಕಾಯ್ದೆಗೆ ಸಹಿ ಹಾಕಿದರು. ತೀರಾ ತಡವಾಗಿತ್ತು. ನವೆಂಬರ್‌ನಲ್ಲಿ ಹೀನಾಯವಾಗಿ ಸೋತರು.

ಹಾಗಾಗಿ ‘ಮನೆಗೆ ಮಾರಿ’ ಎನ್ನಲು ನನಗೆ ಮನಸ್ಸಿಲ್ಲ. ಮನೆಯವರ ಮೇಲೆ ದ್ವೇಷವೇನೂ ಇರಲಿಲ್ಲ. ತಾನು ಗೆದ್ದದ್ದು ಯಾಕೆ ಅನ್ನುವುದನ್ನೇ ತಪ್ಪು ತಿಳಿದುಕೊಂಡಿದ್ದರು, ಅಷ್ಟೆ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ, ನೀವೂ ಒಪ್ಪಬೇಕಿಲ್ಲ.

ಮೊಮ್ಮಗಳಿಗೆ ಇನ್ನೊಂದು ಮಾತು ತಿಳಿಸಿ. ಲ್ಯೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು 1914ರಲ್ಲಿ ಜರ್ಮನ್ ಸೈನಿಕರು ಸುಟ್ಟರು. ಅಮೆರಿಕನ್ನರ ದುಡ್ಡಿನಲ್ಲಿ ಅದನ್ನು ಮತ್ತೆ ಕಟ್ಟುವುದಕ್ಕೂ ಹೂವರ್ ಓಡಾಡಿದ್ದರು. 1928ರಲ್ಲಿ ಅದು ತೆರೆಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆಗಿನ ಅಧ್ಯಕ್ಷ ಟ್ರೂಮನ್, ಹೂವರ್ ಅವರನ್ನು ಮತ್ತೆ ಕರೆದರು. 1946ರಲ್ಲಿ, 71ರ ವಯಸ್ಸಿನಲ್ಲಿ, ಹಸಿವಿನ ಲೆಕ್ಕ ಹಾಕಲು ಮೂವತ್ತಕ್ಕೂ ಹೆಚ್ಚು ದೇಶ ಸುತ್ತಿದರು, ಭಾರತಕ್ಕೂ ಬಂದರು. ಮರುವರ್ಷ ಅವರ ಸಲಹೆಯಂತೆ ಜರ್ಮನಿಯ ಲಕ್ಷಾಂತರ ಶಾಲಾಮಕ್ಕಳಿಗೆ ದಿನಕ್ಕೊಂದು ಊಟ ಶುರುವಾಯಿತು. ಅದಕ್ಕೆ ಬಳಸಿದ್ದು ಅಮೆರಿಕನ್ ಸೈನ್ಯದ ದಾಸ್ತಾನು, ಅಂದರೆ ಸರ್ಕಾರದ್ದೇ ದುಡ್ಡು. ಈ ಸಲ ಅವರು ತಕರಾರು ಎತ್ತಲಿಲ್ಲ.

– ಸಂ.